ಇಪ್ಪತ್ತು ವರ್ಷ ಜೊತೆಗಿರ್ತೀರಾ?

2025ರ ಮೇ–ಜೂನ್ ನೆನಪಿದೆಯಾ? ಟಿ.ವಿ. ಹಾಕಿದರೆ ಹಾಸನ, ಮೊಬೈಲ್ ತೆರೆದರೆ ಹಾಸನ. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ. ಅವರಲ್ಲಿ ಇಪ್ಪತ್ತರ ಆಸುಪಾಸಿನವರೂ ಇದ್ದರು. ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಇರಲಿ, ಅರಕಲಗೂಡಿನ ಸಂತೆ ಇರಲಿ, ಚನ್ನರಾಯಪಟ್ಟಣದ ಟೀ ಅಂಗಡಿ ಇರಲಿ, ಎಲ್ಲೆಡೆ ಅದೇ ಮಾತು. ಗ್ಯಾಸ್ಟ್ರಿಕ್‌ನಿಂದ ಎದೆ ಉರಿದರೂ ಜನ ಬೆಚ್ಚಿಬೀಳುತ್ತಿದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಉದ್ದುದ್ದ ಸಾಲು. ವಾಟ್ಸ್‌ಆ್ಯಪ್‌ನಲ್ಲಂತೂ ಪ್ರತಿಯೊಬ್ಬರ ಬಳಿಯೂ ಒಂದೊಂದು ಕಾರಣ.

ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಜುಲೈನಲ್ಲಿ ವರದಿ ಬಂತು. ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಉಳಿದವುಗಳಿಗೆ ಬೇರೆ ಕಾರಣ ಎಂದಿತು ಸಮಿತಿ. ಆಸ್ಪತ್ರೆಗಳ ದಾಖಲೆ ನೋಡಿದರೆ ಹಿಂದಿನ ತಿಂಗಳುಗಳಿಗಿಂತ ಅಸಹಜ ಏರಿಕೆ ಕಾಣುತ್ತಿಲ್ಲ ಎಂದೂ ಹೇಳಿತು. ತೀರಿಕೊಂಡವರಲ್ಲಿ ಶೇ 30ಕ್ಕಿಂತ ಹೆಚ್ಚು ಮಂದಿ ಆಟೊ, ಕ್ಯಾಬ್ ಚಾಲಕರು ಎಂಬ ಸಾಲೂ ಅದರಲ್ಲಿತ್ತು. ನಮ್ಮಪ್ಪ ಆಟೊ ಓಡಿಸುತ್ತಾರೆ. ಆ ಸಾಲನ್ನು ನಾನು ಎರಡು ಸಲ ಓದಿದೆ.

ವರದಿ ಬಂದ ಮೇಲೆ ಗಲಾಟೆ ತಣ್ಣಗಾಯಿತು. ಆದರೆ ಒಂದು ಪ್ರಶ್ನೆ ಹಾಗೇ ಉಳಿಯಿತು. ಈಗ ಚೆನ್ನಾಗಿ ಓಡಾಡಿಕೊಂಡಿರುವ ನಮ್ಮಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ ಯಾರಿಗೆ ಹೃದಯ ಕೈಕೊಡುತ್ತದೆ, ಯಾಕೆ? ಸತ್ತವರ ಕಡತ ತೆಗೆದು ನೋಡಿದರೆ ಇದಕ್ಕೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಚಾಲಕರು ಹೆಚ್ಚು ಸತ್ತಿದ್ದಾರೆ ಎಂದರೆ ಸಾಲದು. ಅದೇ ಸ್ಟ್ಯಾಂಡಿನಲ್ಲಿ ಅದೇ ರೀತಿ ಹಗಲು ರಾತ್ರಿ ಗಾಡಿ ಓಡಿಸಿಯೂ ಏನೂ ಆಗದೆ ಇರುವವರು ಎಷ್ಟು ಮಂದಿ, ಅವರಿಗೂ ಇವರಿಗೂ ಏನು ವ್ಯತ್ಯಾಸ ಎಂಬುದೂ ಗೊತ್ತಾಗಬೇಕಲ್ಲ? ಅದಕ್ಕೆ ಬದುಕಿರುವವರನ್ನು, ಅದರಲ್ಲೂ ಆರೋಗ್ಯವಾಗಿರುವವರನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಂಡು ವರ್ಷಗಟ್ಟಲೆ ಹಿಂಬಾಲಿಸಬೇಕು.

ಫೋಟೊ ಬೇರೆ, ಸಿನಿಮಾ ಬೇರೆ

ಒಂದು ದಿನ ಮನೆಗೆ ಬಂದು ಬಿ.ಪಿ., ಶುಗರ್ ನೋಡಿ ಹೋಗುವ ಸಮೀಕ್ಷೆ ಫೋಟೊ ಇದ್ದಂತೆ. ಆ ಕ್ಷಣ ಯಾರು ಹೇಗಿದ್ದಾರೆ ಎಂದಷ್ಟೇ ಹೇಳುತ್ತದೆ. ಅದೇ ಜನರನ್ನು ಎರಡು ವರ್ಷಕ್ಕೊಮ್ಮೆ, ಐದು ವರ್ಷಕ್ಕೊಮ್ಮೆ ಮತ್ತೆ ಮತ್ತೆ ನೋಡುತ್ತಾ ಹೋದರೆ ಅದು ಸಿನಿಮಾ. ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಎಂಬುದು ಸಿನಿಮಾದಲ್ಲಿ ಮಾತ್ರ ತಿಳಿಯುತ್ತದೆ. ಹೀಗೆ ಒಂದೇ ಗುಂಪಿನ ಬೆನ್ನು ಹಿಡಿಯುವ ಅಧ್ಯಯನಕ್ಕೆ ಕೋಹಾರ್ಟ್ ಅಧ್ಯಯನ ಎನ್ನುತ್ತಾರೆ.

ಬಿ.ಪಿ., ಕೊಲೆಸ್ಟರಾಲ್, ಸಿಗರೇಟು ಹೃದಯಕ್ಕೆ ಕೆಟ್ಟದ್ದು ಎಂದು ಇವತ್ತು ಶಾಲಾ ಮಕ್ಕಳೂ ಹೇಳುತ್ತಾರೆ. ಈ ತಿಳಿವಳಿಕೆಯ ದೊಡ್ಡ ಪಾಲು ಬಂದಿದ್ದು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಸಣ್ಣ ಪಟ್ಟಣದಿಂದ. 1948ರಲ್ಲಿ ಅಲ್ಲಿ ಅಧ್ಯಯನ ಶುರುವಾದಾಗ 5,209 ಮಂದಿ ಸೇರಿದರು. 1971ರಲ್ಲಿ ಅವರ ಮಕ್ಕಳು ಸೇರಿದರು. 2002ರಿಂದ ಮೊಮ್ಮಕ್ಕಳೂ ಬಂದರು. ಒಂದು ಊರಿನವರು ಮೂರು ತಲೆಮಾರು ‘ಬರ್ತೀವಿ’ ಎಂದು ಹೇಳಿ ಬಂದಿದ್ದರಿಂದಲೇ ಇವತ್ತು ಹಾಸನದ ಡಾಕ್ಟರು ನಮ್ಮಪ್ಪನಿಗೆ ‘ಉಪ್ಪು ಕಡಿಮೆ ಮಾಡಿ, ಬೀಡಿ ಬಿಡಿ’ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾಗಿದೆ.

ಮೈಸೂರಿನ ಮಿಷನ್ ಆಸ್ಪತ್ರೆಯ ಕಥೆ

ಅಮೆರಿಕ ದೂರವಾಯಿತು ಎನ್ನುವವರಿಗೆ ಮೈಸೂರಿನ ಉದಾಹರಣೆ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಅಂದರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದಲೇ ಅಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಬರೆದವರಿಗೆ ಅದು ದಿನದ ಕೆಲಸ, ಅಷ್ಟೇ. ಅರ್ಧ ಶತಮಾನದ ನಂತರ ಆ ಪುಸ್ತಕಗಳು ಚಿನ್ನವಾದವು.

1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ವಿಜ್ಞಾನಿಗಳಾದ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಸೇರಿ ಆ ಮಕ್ಕಳನ್ನು ಹುಡುಕಲು ಹೊರಟರು. ಮಕ್ಕಳೆಲ್ಲಿ? ಅಷ್ಟರಲ್ಲಿ ಅವರು ನಡುವಯಸ್ಸು ದಾಟುತ್ತಿದ್ದರು. ಹುಟ್ಟಿದ ದಿನ ಮಗುವಿಗೆ ಹೆಸರೇ ಇರುವುದಿಲ್ಲ. ತಂದೆ ತಾಯಿಯ ಹೆಸರು, ಹುಟ್ಟಿದ ಕಾಲ ಹಿಡಿದು ಹೊಂದಿಸಬೇಕು. ಮನೆಮನೆಗೆ ಹೋಗಿ ‘ನೀವು ಹುಟ್ಟಿದ್ದು ಮಿಷನ್ ಆಸ್ಪತ್ರೆಯಲ್ಲಾ?’ ಎಂದು ಕೇಳಬೇಕು. ಹಾಗೆ ಸಿಕ್ಕಿದ, 1934ರಿಂದ 1954ರ ನಡುವೆ ಹುಟ್ಟಿ ಇನ್ನೂ ಆಸ್ಪತ್ರೆಯ ಸುತ್ತಮುತ್ತಲೇ ವಾಸವಿದ್ದ 517 ಮಂದಿಯ ತಪಾಸಣೆಯ ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರ ಪೈಕಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕೆ.ಜಿ. ಮತ್ತು ಅದಕ್ಕಿಂತ ಹೆಚ್ಚು ತೂಗಿದ್ದವರಲ್ಲಿ ಶೇ 3 ಮಾತ್ರ. ಹೊಟ್ಟೆಯಲ್ಲಿದ್ದಾಗ ಮಗುವಿಗೆ ಸಿಕ್ಕ ಪೋಷಣೆಗೂ ಐವತ್ತರ ವಯಸ್ಸಿನ ಹೃದಯಕ್ಕೂ ನಂಟಿದೆ ಎಂಬುದಕ್ಕೆ ನಮ್ಮ ಪಕ್ಕದ ಜಿಲ್ಲೆಯಲ್ಲೇ ಸಾಕ್ಷಿ ಸಿಕ್ಕಿತು.

‘ಇನ್ನೂ ಆಸ್ಪತ್ರೆಯ ಸುತ್ತಮುತ್ತಲೇ ವಾಸವಿದ್ದ’ ಎಂಬ ಮಾತನ್ನು ಗಮನಿಸಿ. ಊರು ಬಿಟ್ಟವರು, ಮದುವೆಯಾಗಿ ಹೋದವರು, ತೀರಿಕೊಂಡವರು ಈ ಲೆಕ್ಕದಲ್ಲಿಲ್ಲ. ಹಿಂದಕ್ಕೆ ಹೋಗಿ ಹುಡುಕುವಾಗ ಇದು ತಪ್ಪಿದ್ದಲ್ಲ.

ಅದಕ್ಕೇ ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಮುಂದಕ್ಕೆ ಸಾಗುವ ಇನ್ನೊಂದು ಅಧ್ಯಯನ ಶುರುವಾಯಿತು. ಹೆಸರು ಮೈಸೂರು ಪಾರ್ಥೆನಾನ್. ತಪಾಸಣೆಗೆ ಬರುತ್ತಿದ್ದ 1,233 ಗರ್ಭಿಣಿಯರನ್ನು ಸೇರಿಸಿಕೊಂಡರು. ಗ್ಲೂಕೋಸ್ ಕುಡಿದು ರಕ್ತ ಪರೀಕ್ಷೆ ಮಾಡಿಸಿಕೊಂಡವರು 830 ಮಂದಿ. ಕೊನೆಗೆ ಮುಂದಿನ ಹಂತಕ್ಕೆ ಉಳಿದದ್ದು 663 ಮಕ್ಕಳು. ಶುರುವಿನಲ್ಲೇ ಸಂಖ್ಯೆ ಹೇಗೆ ಕರಗುತ್ತದೆ ನೋಡಿ. ಆದರೆ ಆ 663 ಮಕ್ಕಳ ಕೈಯನ್ನು ತಂಡ ಬಿಡಲಿಲ್ಲ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಎತ್ತರ, ತೂಕ ಅಳೆದರು. 5 ವರ್ಷಕ್ಕೆ, ಒಂಬತ್ತೂವರೆಗೆ, ಹದಿಮೂರೂವರೆಗೆ ವಿವರವಾದ ಪರೀಕ್ಷೆ ಮಾಡಿದರು. ಮಕ್ಕಳನ್ನಷ್ಟೇ ಅಲ್ಲ, ಅಪ್ಪ ಅಮ್ಮನನ್ನೂ ಪರೀಕ್ಷಿಸಿದರು. ಬಸುರಿಯಲ್ಲಿ ಶುಗರ್ ಬಂದಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ 5ನೇ ವಯಸ್ಸಿಗೇ ಕೊಬ್ಬಿನಂಶ ಹೆಚ್ಚಿರುವುದು ತಿಳಿದದ್ದು ಹೀಗೆ. ಆ ಮಕ್ಕಳು ಈಗ ನಮ್ಮ ಅಕ್ಕ ಅಣ್ಣಂದಿರ ವಯಸ್ಸಿನವರು.

ದುಡ್ಡಿತ್ತು, ಜನ ಬರಲಿಲ್ಲ

ಹಣ ಸುರಿದರೆ ಇಂಥ ಅಧ್ಯಯನ ಎಲ್ಲಿ ಬೇಕಾದರೂ ಮಾಡಬಹುದು ಎಂದು ನಾನು ಅಂದುಕೊಂಡಿದ್ದೆ. ಅಮೆರಿಕ ಒಂದು ಲಕ್ಷ ಮಕ್ಕಳನ್ನು ಹುಟ್ಟುವ ಮೊದಲಿನಿಂದ 21 ವರ್ಷದವರೆಗೆ ಹಿಂಬಾಲಿಸುವ ರಾಷ್ಟ್ರೀಯ ಯೋಜನೆ ಹಾಕಿಕೊಂಡಿತ್ತು. 100 ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾದ ಮೇಲೆ 2014ರ ಡಿಸೆಂಬರ್‌ನಲ್ಲಿ ಅದನ್ನು ನಿಲ್ಲಿಸಿದರು. ಯೋಜನೆಯ ವಿನ್ಯಾಸದಲ್ಲಿ ದೋಷಗಳಿದ್ದವು. ಬಾಗಿಲು ಬಡಿದು ಗರ್ಭಿಣಿಯರನ್ನು ಸೇರಿಸಿಕೊಳ್ಳುವುದೂ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಬ್ರಿಟನ್ನಿನಲ್ಲಿ 80,000 ಶಿಶುಗಳನ್ನು ಸೇರಿಸಿಕೊಳ್ಳಲು ಹೊರಟ ‘ಲೈಫ್ ಸ್ಟಡಿ’ 2015ರ ಜನವರಿಯಲ್ಲಿ ಶುರುವಾಗಿ ಅದೇ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು. ಕಾರಣ, ಸಾಕಷ್ಟು ತಾಯಂದಿರು ಬರಲಿಲ್ಲ.

ಬಂದವರೂ ಉಳಿಯಬೇಕಲ್ಲ! ಒಂದು ಸರಳ ಲೆಕ್ಕ ಹಾಕೋಣ. ಸಾವಿರ ಜನರಿಂದ ಶುರುಮಾಡಿ, ವರ್ಷಕ್ಕೆ ಉಳಿದವರಲ್ಲಿ ಶೇ 5 ಮಂದಿ ಕೈಬಿಟ್ಟರು ಎಂದುಕೊಳ್ಳಿ. ಹತ್ತು ವರ್ಷಕ್ಕೆ ಉಳಿಯುವವರು ಸುಮಾರು 599. ಇಪ್ಪತ್ತು ವರ್ಷಕ್ಕೆ 358. ಅದೇ ಶೇ 2ರಷ್ಟೇ ಕೈಬಿಟ್ಟರೆ ಇಪ್ಪತ್ತು ವರ್ಷದ ನಂತರವೂ 668 ಮಂದಿ ಇರುತ್ತಾರೆ. ವರ್ಷಕ್ಕೆ ಶೇ 3ರ ವ್ಯತ್ಯಾಸ, ಕೊನೆಯಲ್ಲಿ ಹೆಚ್ಚುಕಡಿಮೆ ಎರಡರಷ್ಟು ಜನ.

ಸಂಖ್ಯೆ ಇಳಿಯುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಬಿಟ್ಟು ಹೋಗುವವರು ಯಾರು? ಕೂಲಿ ತಪ್ಪಿಸಿಕೊಳ್ಳಲಾಗದವರು, ಕೆಲಸ ಹುಡುಕಿ ಬೆಂಗಳೂರಿಗೆ ಹೋದವರು, ಕುಡಿತ ಬಿಡಲಾಗದೆ ಡಾಕ್ಟರ ಮುಂದೆ ನಿಲ್ಲಲು ಮುಜುಗರ ಪಡುವವರು. ಉಳಿಯುವವರು ಯಾರು? ವಾಕಿಂಗ್ ಹೋಗುವ ನಿವೃತ್ತ ಮೇಷ್ಟ್ರು, ಸ್ವಂತ ಸ್ಕೂಟರ್ ಇರುವವರು. ಆಮೇಲೆ ಉಳಿದವರನ್ನಷ್ಟೇ ಪರೀಕ್ಷಿಸಿ ‘ಜಿಲ್ಲೆಯ ಜನ ಆರೋಗ್ಯವಾಗಿದ್ದಾರೆ’ ಎಂದರೆ ಅದು ಸುಳ್ಳೇ. ಬ್ರಿಟನ್ನಿನ ಬಯೊಬ್ಯಾಂಕ್‌ಗೆ 92 ಲಕ್ಷ ಜನರಿಗೆ ಆಹ್ವಾನ ಹೋದಾಗ ಬಂದವರು ಸುಮಾರು 5 ಲಕ್ಷ. ಬಂದವರಲ್ಲಿ ದೇಶದ ಸರಾಸರಿಗಿಂತ ಬಡವರು ಕಡಿಮೆ, ಸಿಗರೇಟು ಸೇದುವವರೂ ಕಡಿಮೆ ಎಂದು ಆಮೇಲೆ ಅವರೇ ಲೆಕ್ಕ ಹಾಕಿ ಕಂಡುಕೊಂಡರು. ಸೆನ್ಸರ್ ಕೆಟ್ಟರೆ ಬದಲಾಯಿಸಬಹುದು. ಮನುಷ್ಯ ಬಿಟ್ಟು ಹೋದರೆ ಅವನ ಜಾಗಕ್ಕೆ ಇನ್ನೊಬ್ಬನನ್ನು ಹಾಕಲಾಗದು. ಯಾಕೆಂದರೆ ಹೊಸಬನ ಹಿಂದಿನ ಹತ್ತು ವರ್ಷಗಳು ನಮ್ಮ ಬಳಿ ಇರುವುದಿಲ್ಲ.

‘ಏನೂ ಇಲ್ದೋನು ಯಾಕೆ ಹೋಗ್ಬೇಕು?’

ಇದನ್ನೆಲ್ಲ ಓದಿದ ಮೇಲೆ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅಪ್ಪನನ್ನು ಕೇಳಿದೆ: ‘ಇಪ್ಪತ್ತು ವರ್ಷ ನಿಮ್ಮ ಆರೋಗ್ಯ ನೋಡ್ತೀವಿ, ಆಗಾಗ ಬನ್ನಿ ಅಂದ್ರೆ ಹೋಗ್ತೀರಾ?’

‘ಏನೂ ಇಲ್ದೋನು ಆಸ್ಪತ್ರೆಗೆ ಯಾಕೆ ಹೋಗ್ಬೇಕು ಮಗಾ?’ ಅಂದರು. ಆಮೇಲೆ, ‘ಒಂದು ದಿನ ಸ್ಟ್ಯಾಂಡ್ ಬಿಟ್ರೆ ಆವತ್ತಿನ ದುಡಿಮೆ ಹೋಯ್ತು. ಗಾಡಿ ಸಾಲದ ಕಂತು ನಿಲ್ಲುತ್ತಾ?’ ಅಂದರು.

ಅರಕಲಗೂಡು ಕಡೆ ಹಳ್ಳಿಯಲ್ಲಿರುವ ಅಜ್ಜಿಯ ಉತ್ತರ ಇನ್ನೂ ನೇರ. ‘ಹಿಂದೆ ಯಾರೋ ಕ್ಯಾಂಪು ಅಂತ ಬಂದು ರಕ್ತ ತಗೊಂಡು ಹೋದ್ರು. ಏನಿತ್ತು, ಏನಿಲ್ಲ ಅಂತ ಒಂದು ಚೀಟೀನೂ ಕೊಡ್ಲಿಲ್ಲ. ಆ ಕಡೆ ಹೋದೋರು ಮತ್ತೆ ಈ ಕಡೆ ಬರ್ಲೇ ಇಲ್ಲ ಕಣಪ್ಪ.’

ಈ ಎರಡು ಮಾತಿನಲ್ಲೇ ಇಡೀ ವಿಷಯ ಇದೆ ಅನ್ನಿಸಿತು. ಆರೋಗ್ಯವಾಗಿರುವವನಿಗೆ ಬರಲು ಕಾರಣ ಬೇಕು, ಬಂದರೆ ಅವನ ದಿನದ ದುಡಿಮೆ ಕೆಡಬಾರದು. ಕೊಟ್ಟವರಿಗೆ ಏನಾದರೂ ವಾಪಸ್ ಬರಬೇಕು, ತೆಗೆದುಕೊಂಡವರು ಮತ್ತೆ ಮುಖ ತೋರಿಸಬೇಕು. ಇವು ಸಿಗದಿದ್ದರೆ ನಮ್ಮ ಜನ ವಾದ ಮಾಡುವುದಿಲ್ಲ. ‘ಆಯ್ತು ಬರ್ತೀವಿ’ ಎಂದು ಹೇಳಿ ಸುಮ್ಮನೆ ಬರುವುದಿಲ್ಲ, ಅಷ್ಟೇ.

ಉಳಿಸಿಕೊಳ್ಳುವುದು ಹೇಗೆ?

ಹಾಗಾದರೆ ಹಳ್ಳಿಗಳಲ್ಲಿ ಇದು ಆಗದ ಕೆಲಸವಾ? ಆಗುತ್ತದೆ ಎಂಬುದಕ್ಕೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೇನ್ ರಿಸರ್ಚ್ 2018ರಲ್ಲಿ ಅಲ್ಲಿ ‘ಸ್ಯಾನ್ಸ್‌ಕಾಗ್’ ಎಂಬ ಅಧ್ಯಯನ ಶುರುಮಾಡಿತು. 45 ದಾಟಿದ, ಮರೆವಿನ ಕಾಯಿಲೆ ಇಲ್ಲದ 10,000 ಹಳ್ಳಿಗರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸುವುದು ಗುರಿ. ನೆನಪಿನ ಶಕ್ತಿಯ ಪರೀಕ್ಷೆ, ರಕ್ತ ಪರೀಕ್ಷೆ, ಮೆದುಳಿನ ಎಂಆರ್‌ಐ ಎಲ್ಲವೂ ಇದೆ. ಮಾವಿನ ತೋಟದ ರೈತ ತನಗೆ ಯಾವ ಕಾಯಿಲೆಯೂ ಇಲ್ಲದಿದ್ದಾಗ ಇಷ್ಟಕ್ಕೆಲ್ಲ ಒಪ್ಪಬೇಕಾದರೆ ನಂಬಿಕೆ ಎಷ್ಟು ಬೇಕು ಯೋಚಿಸಿ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇಂಥದ್ದೊಂದು ಮಾಡಬೇಕಾದರೆ ಏನು ಬೇಕು? ಎಂಜಿನಿಯರಿಂಗ್ ಓದುವವರ ಅಭ್ಯಾಸದಂತೆ ನಾನೂ ಒಂದು ಪಟ್ಟಿ ಮಾಡಿದೆ.

ಮೊದಲನೆಯದು ಸಮಯ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕೆಂದರೆ ಬೆಳಗ್ಗೆಯೇ ಬರಬೇಕು. ನಮ್ಮ ಕಡೆ ಬೆಳಗ್ಗೆ ಹಾಲು ಕರೆದು ಡೇರಿಗೆ ಹಾಕುವ ಹೊತ್ತು. ಅರಕಲಗೂಡಿನಲ್ಲಿ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ರೈತ ರಾತ್ರಿಯೂ ಬೆಂಕಿಯ ಮುಂದೆ ಇರುತ್ತಾನೆ. ಹಾಸನದ ಸುತ್ತ ಆಲೂಗಡ್ಡೆ ಬಿತ್ತನೆ ಬಂದರೆ ಯಾರೂ ಮನೆಯಲ್ಲಿ ಸಿಗುವುದಿಲ್ಲ. ಚನ್ನರಾಯಪಟ್ಟಣದ ತೆಂಗಿನ ತೋಟಕ್ಕೆ ಬೇರೆ ಲೆಕ್ಕ. ಅಧ್ಯಯನದ ಕ್ಯಾಲೆಂಡರ್ ಆಫೀಸಿನಲ್ಲಿ ಅಲ್ಲ, ಹೊಲದಲ್ಲಿ ತಯಾರಾಗಬೇಕು. ಬೆಂಗಳೂರಿಗೆ ದುಡಿಯಲು ಹೋದವರು ಯುಗಾದಿಗೆ, ಗೌರಿ ಹಬ್ಬಕ್ಕೆ, ಊರ ಜಾತ್ರೆಗೆ ಬಂದೇ ಬರುತ್ತಾರೆ. ಅವರನ್ನು ಹಿಡಿಯಲು ಅದೇ ಸರಿಯಾದ ಸಮಯ.

ಎರಡನೆಯದು ವಿಳಾಸ. ಮೊಬೈಲ್ ನಂಬರ್ ಬದಲಾಗುತ್ತದೆ, ಬಾಡಿಗೆ ಮನೆ ಬದಲಾಗುತ್ತದೆ. ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಅದಕ್ಕೇ ಮೊದಲ ದಿನವೇ ಅವರ ಒಪ್ಪಿಗೆ ಪಡೆದು ಇನ್ನೂ ಇಬ್ಬರು ಮೂವರು ಹತ್ತಿರದವರ ನಂಬರ್ ಬರೆದುಕೊಳ್ಳಬೇಕು. ಆಶಾ ಕಾರ್ಯಕರ್ತೆಗೆ ಯಾರ ಮಗಳು ಯಾವ ಊರಿಗೆ ಹೋಗಿದ್ದಾಳೆ ಎಂಬುದು ಯಾವ ಡೇಟಾಬೇಸ್‌ಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ.

ಮೂರನೆಯದು ವಾಪಸಾತಿ. ರಿಪೋರ್ಟು ಕನ್ನಡದಲ್ಲಿ ಮನೆಗೆ ಬರಬೇಕು. ಶುಗರ್ ಹೆಚ್ಚಿದ್ದರೆ ಯಾವ ಆಸ್ಪತ್ರೆಗೆ, ಯಾರ ಬಳಿ ಹೋಗಬೇಕು ಎಂದು ಹೇಳುವವರಿರಬೇಕು. ಬಸ್ ಖರ್ಚು, ಆ ದಿನದ ಕೂಲಿ ನಷ್ಟ ತುಂಬಿಕೊಡಲು ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯಲ್ಲೇ ಅವಕಾಶವಿದೆ. ದೊಡ್ಡ ಆಮಿಷ ಒಡ್ಡಿ ಒಪ್ಪಿಸುವಂತಿಲ್ಲ, ಅಷ್ಟೇ. ಬ್ರಿಟನ್ನಿನಲ್ಲಿ 1946ರ ಮಾರ್ಚ್‌ನ ಒಂದೇ ವಾರದಲ್ಲಿ ಹುಟ್ಟಿದ 5,362 ಮಂದಿಯನ್ನು ಹಿಂಬಾಲಿಸುತ್ತಿರುವ ಅಧ್ಯಯನವೊಂದಿದೆ. ಅವರಿಗೆ ಪ್ರತಿವರ್ಷ ಹುಟ್ಟುಹಬ್ಬದ ಕಾರ್ಡ್ ಹೋಗುತ್ತದೆ. ವಿಳಾಸ ಬದಲಾಗಿದ್ದರೂ ಆ ನೆಪದಲ್ಲಿ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ‘ನಿಮ್ಮನ್ನು ಮರೆತಿಲ್ಲ’ ಎಂದು ಹೇಳಿದಂತಾಗುತ್ತದೆ.

ನಾಲ್ಕನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು, ಬಿಟ್ಟು ಹೋಗುವ ಹಕ್ಕು. ಸಂಶೋಧನೆಯಲ್ಲಿ ಸೇರಿದವರು ಯಾವಾಗ ಬೇಕಾದರೂ, ಕಾರಣ ಹೇಳದೆ ಹೊರಗೆ ಹೋಗಬಹುದು. ಹೋದರೆಂದು ಅವರಿಗೆ ಸಿಗಬೇಕಾದ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಉಳಿಸಿಕೊಳ್ಳುವುದು ಎಂದರೆ ಕಟ್ಟಿಹಾಕುವುದಲ್ಲ. ಬಾಗಿಲು ತೆರೆದಿದ್ದರೂ ಜನ ಹೋಗದಿರುವ ಹಾಗೆ ನಡೆದುಕೊಳ್ಳುವುದು. ಬರೀ ಹೆಬ್ಬೆಟ್ಟು ಒತ್ತಿಸಿಕೊಂಡ ಒಪ್ಪಿಗೆ ಎರಡನೇ ಭೇಟಿಯವರೆಗೂ ಬಾಳುವುದಿಲ್ಲ. ಕೂರಿಸಿ, ಅರ್ಥವಾಗುವ ಹಾಗೆ ಹೇಳಿ, ‘ಮನೆಯಲ್ಲಿ ಕೇಳಿಕೊಂಡು ನಾಳೆ ಹೇಳಿ’ ಎಂದು ಬಿಟ್ಟು ಬಂದರೆ ಆ ಒಪ್ಪಿಗೆ ಹತ್ತು ವರ್ಷ ಬಾಳುತ್ತದೆ.

ಇದರಲ್ಲಿ ನಮಗೇನಿದೆ?

ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಗೆಳೆಯರೇ, ಇದು ಬರೀ ಡಾಕ್ಟರುಗಳ ವಿಷಯವಲ್ಲ. 2017–18ರಲ್ಲಿ ನಡೆದ ‘ಲಾಸಿ’ ಎಂಬ ರಾಷ್ಟ್ರೀಯ ಅಧ್ಯಯನದ ಮೊದಲ ಸುತ್ತಿನಲ್ಲೇ 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದರು. ಮನೆಮನೆಗೆ ಹೋಗಿ ಕಂಪ್ಯೂಟರ್‌ನಲ್ಲಿ ಉತ್ತರ ತುಂಬಿಸಿಕೊಂಡವರು ನಮ್ಮಂಥ ಯುವಕ ಯುವತಿಯರೇ. ಇಂಥ ಅಧ್ಯಯನಗಳಿಗೆ ಸಮಾಜಕಾರ್ಯ ಓದಿದವರು, ಮನಃಶಾಸ್ತ್ರ ಓದಿದವರು, ನರ್ಸಿಂಗ್ ಮತ್ತು ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮಾಡಿದವರು, ಸಂಖ್ಯಾಶಾಸ್ತ್ರದವರು ಬೇಕು. ಹಳ್ಳಿಯ ಮಾತು ಬರುವುದೇ ಇಲ್ಲಿ ಅರ್ಹತೆ. ಇಂಗ್ಲಿಷ್‌ನಲ್ಲಿರುವ ‘ಎದೆ ಬಿಗಿತ’ದ ಪ್ರಶ್ನೆಯನ್ನು ಹೊಳೆನರಸೀಪುರದ ಅಜ್ಜನಿಗೆ ಅರ್ಥವಾಗುವಂತೆ ಕೇಳುವುದು ಸಣ್ಣ ಕೆಲಸವಲ್ಲ.

ನಮ್ಮ ಬಿ.ಇ. ಹುಡುಗ ಹುಡುಗಿಯರಿಗೂ ಕೆಲಸವಿದೆ. ನೆಟ್‌ವರ್ಕ್ ಇಲ್ಲದ ಊರಿನಲ್ಲೂ ಮಾಹಿತಿ ಉಳಿಸಿಕೊಂಡು, ಸಿಗ್ನಲ್ ಬಂದಾಗ ಕಳಿಸುವ ಆ್ಯಪ್. ಓದಲು ಬಾರದವರಿಗೆ ಕನ್ನಡದಲ್ಲಿ ಮಾತನಾಡಿ ತಾರೀಕು ನೆನಪಿಸುವ ಫೋನ್ ಕರೆ. ಹೆಸರು, ವಿಳಾಸವನ್ನು ಆರೋಗ್ಯದ ಮಾಹಿತಿಯಿಂದ ಬೇರೆ ಮಾಡಿ ಭದ್ರವಾಗಿಡುವ ವ್ಯವಸ್ಥೆ. ಮುಂದಿನ ಭೇಟಿಗೆ ಯಾರು ಬರಲಿಕ್ಕಿಲ್ಲ ಎಂದು ಮೊದಲೇ ಅಂದಾಜು ಮಾಡಿ, ಅವರ ಮನೆಗೆ ಮೊದಲು ಹೋಗುವಂತೆ ಸೂಚಿಸುವ ಪ್ರೋಗ್ರಾಂ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಇಲ್ಲ ಎಂದು ತಲೆ ಕೆರೆದುಕೊಳ್ಳುವ ಬದಲು ಇವುಗಳಲ್ಲಿ ಒಂದನ್ನು ಕೈಗೆತ್ತಿಕೊಳ್ಳಬಹುದು.

ಕೆಲಸ ಮಾಡುವುದಕ್ಕಿಂತ ಕಷ್ಟದ್ದು ಇನ್ನೊಂದಿದೆ, ಅದು ನಾವೇ ಸೇರುವುದು. ಇಂಥ ಅಧ್ಯಯನಕ್ಕೆ ಹಿಡಿಯಲು ಅತಿ ಕಷ್ಟವಾದವರು ನಮ್ಮ ವಯಸ್ಸಿನವರೇ. ಇವತ್ತು ಹಾಸನ, ಮುಂದಿನ ವರ್ಷ ಬೆಂಗಳೂರು, ಆಮೇಲೆ ಎಲ್ಲೋ. ವರ್ಷಕ್ಕೆರಡು ಸಿಮ್. ಆದರೆ ಜೂನ್ ತಿಂಗಳ ಆ ಭಯ ಹೆಚ್ಚಾಗಿ ನಮ್ಮ ವಯಸ್ಸಿನದೇ ಆಗಿತ್ತು. ಫ್ರಾಮಿಂಗ್‌ಹ್ಯಾಮ್‌ನ ಜನ, ಮೈಸೂರಿನ ತಾಯಂದಿರು, ಶ್ರೀನಿವಾಸಪುರದ ರೈತರು ತಮ್ಮ ಬೆಳಗಿನ ಹೊತ್ತನ್ನು ಕೊಟ್ಟಿದ್ದು ಮುಂದೆ ಹುಟ್ಟುವವರಿಗಾಗಿ. ನಾವು ಅವರ ಲೆಕ್ಕದ ಲಾಭ ತಿನ್ನುತ್ತಿದ್ದೇವೆ.

ನಾಳೆ ಯಾರಾದರೂ ಒಂದು ಫೈಲು ಹಿಡಿದು ನಿಮ್ಮ ಮನೆ ಬಾಗಿಲಿಗೆ ಬಂದರೆ ಮೊದಲು ಪ್ರಶ್ನೆ ಕೇಳಿ. ಯಾರು ನೀವು, ಯಾವ ಸಂಸ್ಥೆ, ನೈತಿಕ ಸಮಿತಿಯ ಒಪ್ಪಿಗೆ ಇದೆಯಾ, ನಮ್ಮ ಮಾಹಿತಿ ಎಲ್ಲಿಡ್ತೀರಿ, ರಿಪೋರ್ಟು ಯಾವಾಗ ಕೊಡ್ತೀರಿ? ಉತ್ತರ ಸರಿಯಿದ್ದರೆ ಹೆಸರು ಬರೆಸಿ. ಊರು ಬಿಡುವಾಗ ಹೊಸ ನಂಬರ್ ಕೊಟ್ಟು ಹೋಗಿ. ಅಪ್ಪನಿಗೂ ನಾನು ಇದನ್ನೇ ಹೇಳಿದ್ದೇನೆ. ‘ಭಾನುವಾರ ಆದ್ರೆ ನೋಡಣ’ ಅಂದಿದ್ದಾರೆ. ಅಧ್ಯಯನ ಮಾಡುವವರು ಭಾನುವಾರ ಬರಲು ಸಿದ್ಧರಿದ್ದರೆ ಸಾಕು.